ಭಂಡಾರ ಬಿದ್ದ ಮೇಲೆ

ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ಅಳುತ್ತಿದ್ದ ಮಗುವೊಂದನ್ನು ಅಕ್ಕ ಎತ್ತಿಕೊಂಡಳು. ನಾನು ಚಿಕ್ಕವಳಿದ್ದಾಗ ಅಣ್ಣ ಎಂದು ಕರೆಯುತ್ತಿದ್ದ ಅಕ್ಕ. ಅವ್ವನ ತವರಿಗೆ ಹೋಗಿ ಬಂದು ಅವ್ವ, ಅಕ್ಕ, ನಾನು ಮೂವರೂ ಗೋಕಾಕದ ಬಸ್ಸಿಗೆ ಕಾಯುತ್ತಿದ್ದೆವು. ಸಂತೆಯ ಗದ್ದಲದಲ್ಲಿ ಮಗು ತಾಯಿಯ ಕೈ ತಪ್ಪಿಸಿಕೊಂಡಿತ್ತು. ಅಕ್ಕ ಅದರ ಮೂಗನ್ನು ಸೆರಗಿನಿಂದ ಒರೆಸಿ, "ನಿಮ್ಮವ್ವ ಎಲ್ಲದಾಳ ಕೂಸ?" ಎಂದಳು. ಆ ದನಿ ಕೇಳಿ ಪಕ್ಕದವನು ತಿರುಗಿ ನೋಡಿದ.

"ಏ, ಇದು ಹೆಂಗಸಲ್ಲೋ! ಕೂಸ ಕದಿಯಾಕ ಬಂದೈತಿ!"

ಯಾರೋ ಮಗುವನ್ನು ಕಿತ್ತುಕೊಂಡರು. ಯಾರೋ ಅಕ್ಕನ ಜಡೆ ಹಿಡಿದರು.

"ಬಿಡ್ರಿ, ನಮ್ಮಕ್ಕರಿ ಆಕಿ!" ಎಂದು ಕಿರುಚಿದೆ.

"ಅಕ್ಕಂತ ಅಕ್ಕ! ಮೀಸಿ ಬೋಳಿಸಿದ ಅಕ್ಕ! ಸೀರಿ ಬಿಚ್ಚಿ ನೋಡೂಣು ತಡೀರಿ."

ಎಲ್ಲರೂ ನಕ್ಕರು. ಒಬ್ಬ ಕಬ್ಬಿನ ಹಾಲಿನ ಗಾಡಿಯಿಂದ ದಪ್ಪನೆಯ ಕಬ್ಬೊಂದನ್ನು ಎಳೆದು ಮೇಲೆತ್ತಿದ. ನನ್ನ ತಲೆಯೊಳಗೆ ಆ ಕಬ್ಬು ಇನ್ನೂ ಮೇಲೆಯೇ ಇದೆ. ಅನ್ನಕ್ಕೆ ಕೈ ಹಾಕಿದಾಗ, ಬಸ್ಸಿನ ಮೆಟ್ಟಿಲೇರುವಾಗ, ಅದು ಏಳುತ್ತದೆ.

ಆಗ ಅವ್ವ ಸೆರಗಿನ ಗಂಟು ಬಿಚ್ಚಿ, ಹಿಡಿ ಭಂಡಾರವನ್ನು, ದೇವಿಯ ಅರಿಶಿನವನ್ನು, ಅಕ್ಕನ ನೆತ್ತಿಯ ಮೇಲೆ ಎಸೆದಳು. "ಉಧೋ ಉಧೋ! ಮುಟ್ಟಬ್ಯಾಡ್ರಿ! ಎಲ್ಲಮ್ಮ ಹಿಡದಾಳ ಆಕೀನ! ಜೋಗಪ್ಪ ಅದಾಳ!"

ಗಂಡಾಗಿ ಹುಟ್ಟಿದವರು ದೇವಿಯ ಅಪ್ಪಣೆಯೆಂದು ಸೀರೆ ಉಟ್ಟರೆ ನಮ್ಮ ಕಡೆ ಜನ ಜೋಗಪ್ಪನೆಂದು ಕಾಲಿಗೆ ಬೀಳುತ್ತಾರೆ. ತಮ್ಮ ಮನಸ್ಸಿನಂತೆ ಉಟ್ಟರೆ ಕಬ್ಬು.

"ಜೋಗಪ್ಪ ಆದ್ರ ತಲಿ ಮ್ಯಾಲಿನ ದೇವಿ ಕೊಡ ಎಲ್ಲೈತಿ?" ಎಂದು ಒಬ್ಬ ಕೇಳಿದ.

"ಇನ್ನೂ ಮುತ್ತು ಕಟ್ಟಿಸಿಲ್ಲೋ ಯಪ್ಪಾ. ಬರೂ ಹುಣ್ಣಿಮಿಗೆ ದೇವಿಗೆ ಒಪ್ಪಸ್ತೀವಿ."

"ತಪ್ಪಾತ್ರಿ ತಾಯಿ," ಎಂದು ಕಬ್ಬಿನವನು ಬಾಗಿದ. ಆ ಕಬ್ಬನ್ನೇ ಕಾಣಿಕೆಯಂತೆ ಅಕ್ಕನ ಪಾದದ ಬಳಿ ಇಟ್ಟ.

ಹಳದಿ ಮುಖದ ಅಕ್ಕ ಯಾರ ಕಡೆಗೂ ನೋಡಲಿಲ್ಲ.

ಮೂಡಲಗಿಯ ನಮ್ಮ ಮನೆಗೆ ಅವಳು ಮೊದಲ ಸಲ ಸೀರೆಯುಟ್ಟು ಬಂದಾಗ ಹಿರಿಯರು ಇದನ್ನೇ ಕೇಳಿದ್ದರು: "ದೇವಿ ಹಿಡದಿದ್ರ ಹೇಳು, ಮನ್ಯಾಗ ಇರು."

"ನನ್ನ ಯಾರೂ ಹಿಡದಿಲ್ಲ. ಮೊದಲಿಂದ ನಾ ಹಿಂಗ ಅದೇನಿ. ನಿಮಗ ಕಾಣಾಕ ತಡಾ ಆತು." ಅಷ್ಟು ಹೇಳಿ ಗೋಕಾಕದಲ್ಲಿ ಬಾಡಿಗೆ ಖೋಲಿ ಹಿಡಿದು ಹೆಂಗಸರ ಜಂಪರ್ ಹೊಲಿಯುತ್ತ ಬದುಕಿದಳು. ಆ ಒಂದು ಮಾತಿಗಾಗಿ ಮನೆ ಬಿಟ್ಟಿದ್ದಳು.

ನಿನ್ನೆಯ ನೀನೂ ಇಂದಿನ ನೀನೂ ಒಬ್ಬರೇ ಎಂದು ಹೇಗೆ ಹೇಳುತ್ತೀಯ ಎಂದು ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು ಕೇಳಿದಾಗ, ನೆನಪಿನಿಂದ ಎಂದಿದ್ದೆ. ಈಗ ಅವ್ವ ಆ ನೆನಪನ್ನೇ ಬದಲಿಸುತ್ತಿದ್ದಾಳೆ. ಬಂದವರಿಗೆಲ್ಲ ಹೇಳುತ್ತಾಳೆ: "ಹುಟ್ಟಿದಾಗನ ಕೂಸಿನ ನೆತ್ತ್ಯಾಗ ದೇವಿ ಜಡಿ ಗಂಟ ಕಟ್ಟಿತ್ರಿ. ಆಗಿಂದ ದೇವಿ ಬೆನ್ನ ಹತ್ಯಾಳ." ಜಡೆ ಇರಲಿಲ್ಲ. ಅವ್ವನ ಹಳೆಯ ಕುಪ್ಪಸ ತೊಟ್ಟು, ಕನ್ನಡಿಯ ಮುಂದೆ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದ ಮಗುವೊಂದಿತ್ತು. ಅದು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಅವ್ವನ ಮಾತಿನಲ್ಲಿ ಆ ಮಗು ಈಗ ಹುಟ್ಟಿಯೇ ಇಲ್ಲ.

ಅವ್ವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆ ಹಿಡಿ ಭಂಡಾರ ಇಲ್ಲದಿದ್ದರೆ ಅಕ್ಕ ಇರುತ್ತಿರಲಿಲ್ಲ.

ಸುದ್ದಿ ಊರೂರಿಗೆ ಹಬ್ಬಿತ್ತು, ಮಾತು ತಪ್ಪಿದರೆ ಕಬ್ಬು ಮತ್ತೆ ಏಳುತ್ತಿತ್ತು; ಹುಣ್ಣಿಮೆಗೆ ಅಕ್ಕನ ಕೊರಳಿಗೆ ದೇವಿಯ ಮುತ್ತು ಕಟ್ಟಿದರು. ಹಿಂದಿನ ದಿನ ಅಕ್ಕ ಒಂದೇ ಮಾತು ಕೇಳಿದ್ದಳು: "ಉಳಿಸಿದಿ ಖರೆ ಅವ್ವಾ. ಯಾರನ್ನ ಉಳಿಸಿದಿ?" ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹೊಲಿಗೆ ಯಂತ್ರದ ಮೇಲೆ ಈಗ ಬಟ್ಟೆ ಮುಚ್ಚಿದೆ. ಅಳತೆ ಕೊಟ್ಟು, ತೋಳು ಬಿಗಿಯಾಯಿತೆಂದು ಜಗಳ ತೆಗೆಯುತ್ತಿದ್ದ ಹೆಂಗಸರು ಮಂಗಳವಾರ ಬಂದು ಪಾದ ಮುಟ್ಟುತ್ತಾರೆ. ಮೊನ್ನೆ ಒಬ್ಬಳು, "ತಾಯಿ, ಕೈ ಇಡ್ರಿ, ರಾತ್ರಿಯೆಲ್ಲಾ ಅಳತೈತ್ರಿ" ಎಂದು ತನ್ನ ಮಗುವನ್ನು ಅಕ್ಕನ ತೊಡೆಯ ಮೇಲೆ ಕೂರಿಸಿದಳು.

ಮಗುವಿನ ಮೂಗು ಸೋರುತ್ತಿತ್ತು. ಸೆರಗಿನಿಂದ ಒರೆಸಲು ಅಕ್ಕನ ಕೈ ಮೇಲೇಳಲಿಲ್ಲ.