ದುಂಡು ಗ್ರಂಥಾಲಯದಲ್ಲಿ ಹೆಣ್ಣು ನೋಡಿದ್ದು

ಕುರುಗೋಡಿನ ಗಂಡಿನ ಕಡೆಯವರು ನನ್ನನ್ನು ನೋಡಿದ್ದು ಸಿರುಗುಪ್ಪದ ನಮ್ಮ ಮನೆಯಲ್ಲಲ್ಲ, ಬಳ್ಳಾರಿಯ ಹೊಸ ಗ್ರಂಥಾಲಯದಲ್ಲಿ. ಜಾಗ ಆರಿಸಿದವನು ಅಪ್ಪ. ಹಿಂದೆ ಬಂದಿದ್ದ ಗಂಡಿಗೆ ನಾನು ಎದುರು ಮಾತಾಡಿ ಸಂಬಂಧ ಕೆಡಿಸಿದೆನೆಂಬ ಸಿಟ್ಟು ಅವನಿಗೆ ಇನ್ನೂ ಆರಿರಲಿಲ್ಲ.

"ಅಲ್ಲಿ ಯಾರೂ ಮಾತಾಡಂಗಿಲ್ಲ. ಇಕಿ ಬಾಯಿನೂ ಮುಚ್ಚಿರತೈತಿ," ಎಂದು ಅವನು ಅವ್ವನಿಗೆ ಹೇಳಿದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತ್ತು.

ನನಗೆ ಬಿ.ಎಡ್. ಮುಗಿಸಬೇಕಿತ್ತು. ಮದುವೆಯಾದರೆ ಅದು ಅಲ್ಲಿಗೇ ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಬಸ್ಸಿನಲ್ಲಿ ಅವ್ವ ಒಂದು ಕಡೆ, ಸೋದರತ್ತೆ ಇನ್ನೊಂದು ಕಡೆ, ನಡುವೆ ರೇಷ್ಮೆ ಸೀರೆಯಲ್ಲಿ ನಾನು. ಮೊಣಕೈ ಆಡಿಸಲೂ ಜಾಗವಿರಲಿಲ್ಲ. ಒಪ್ಪಿಗೆಯಾದ ತಕ್ಷಣ ಬಾಯಿ ಸಿಹಿ ಮಾಡಲು ಅವ್ವನ ಚೀಲದಲ್ಲಿ ಸಕ್ಕರೆ ಪೊಟ್ಟಣ ಆಗಲೇ ಸಿದ್ಧವಾಗಿತ್ತು.

ಗ್ರಂಥಾಲಯವೇನೋ ಭವ್ಯವಾಗಿತ್ತು, ಸುಳ್ಳು ಹೇಳಬಾರದು. ದುಂಡನೆಯ ದೊಡ್ಡ ಸಭಾಂಗಣ, ಮೇಲೆ ಗುಮ್ಮಟ, ಗೋಡೆಯುದ್ದಕ್ಕೂ ಕಲ್ಲಿನ ಕಟ್ಟೆ. ಬಾಗಿಲಲ್ಲಿದ್ದ ಸಿಬ್ಬಂದಿ ಹೆಂಗಸು ಪಿಸುಗುಟ್ಟುತ್ತಲೇ ವಿವರಿಸಿದಳು: "ಭಾಳ ಹಳೇ ಕಾಲದ ಗ್ರಂಥಾಲಯ ನೋಡಿ ಕಟ್ಟ್ಯಾರ್ರಿ. ಆವಾಗ ನಡುವ ನಿಂತು ಒಬ್ರು ಓದ್ತಿದ್ರಂತ, ಗೋಡಿಗೆ ಕುಂತೋರಿಗೆಲ್ಲ ಕೇಳ್ತಿತ್ತಂತ. ಈಗ ಮಾತಾಡಬ್ಯಾಡ್ರಿ."

ಎರಡೂ ಕಡೆಯ ಹಿರಿಯರು ಒಂದು ತುದಿಯ ಕಟ್ಟೆಯಲ್ಲಿ ಕುಳಿತರು. ಎರಡು ಮಾತಾಡಿಕೊಳ್ಳಲೆಂದು ನನ್ನನ್ನೂ ಹುಡುಗನನ್ನೂ ಎದುರು ತುದಿಗೆ ಕಳಿಸಿದರು. ಅವನು ತನ್ನಪ್ಪನ ಗೊಬ್ಬರದ ಅಂಗಡಿ ನೋಡಿಕೊಳ್ಳುವ ಪಾಪದ ಪ್ರಾಣಿ, ಕುಳಿತಲ್ಲೇ ಬೆವರುತ್ತಿದ್ದ.

ನಾನು ಗೋಡೆಗೆ ಒರಗಿ ಮೆಲ್ಲಗೆ ಹೇಳಿದೆ: "ನಂಗ ಓದಬೇಕ್ರಿ. ಕೈ ಮುಗೀತೀನಿ, ಹುಡುಗಿ ಬ್ಯಾಡ ಅಂತ ನೀವ ಹೇಳಿಬಿಡ್ರಿ."

"ನಂಗೂ ಈಗ ಮದುವಿ ಬ್ಯಾಡ್ರಿ," ಎಂದ. "ನಮ್ಮಪ್ಪನ ಮುಂದ ಬಾಯಿ ಏಳಂಗಿಲ್ಲ. ನೀವ ಹೇಳ್ರಿ."

ನನಗೆ ಅಳುವೇ ಬಂತು. ಸಿಕ್ಕಿಬಿದ್ದವಳು ನಾನೊಬ್ಬಳೇ ಅಂದುಕೊಂಡರೆ ಇಲ್ಲಿ ಜೋಡಿ!

ಅಷ್ಟರಲ್ಲಿ ಅಪ್ಪನ ಪಿಸುಮಾತು ಗೋಡೆಗುಂಟ ಹರಿದು ಬಂತು, ಅವನು ಪಕ್ಕದಲ್ಲೇ ಕುಳಿತಿದ್ದಾನೇನೋ ಅನ್ನುವಷ್ಟು ಸ್ಪಷ್ಟವಾಗಿ. "ಬೀಗರ, ನಾವು ಕೇಳಿಲ್ದಂಗ ಇದ್ದುಬಿಡೂಣ್ರಿ."

"ಹೌದ್ರಿ. ಮದುವಿ ಆದಮ್ಯಾಲ ತಾವ ಸರಿ ಹೋಗ್ತಾರ," ಎಂದಿತು ಹುಡುಗನ ಅಪ್ಪನ ದನಿ.

ತಲೆಯೆತ್ತಿ ನೋಡಿದೆ. ಅಪ್ಪ ಏನೂ ಅರಿಯದವನಂತೆ ಗುಮ್ಮಟ ನೋಡುತ್ತಿದ್ದ. ಅವ್ವ ಸಕ್ಕರೆ ಪೊಟ್ಟಣ ಬಿಚ್ಚುತ್ತಿದ್ದಳು. ನಾನು ಹೇಳಿದ್ದು ಅವರಿಗೆ ಕೇಳಿಸಿತ್ತು. ಕೇಳಿಸಿಯೂ ಹೀಗೆ!

ಎದ್ದು ನೇರ ನಡುವಿಗೆ ನಡೆದೆ. ಹಳೆಯ ಕಾಲದಲ್ಲಿ ಓದುವವರು ನಿಲ್ಲುತ್ತಿದ್ದರಂತಲ್ಲ, ಅಲ್ಲಿಗೆ.

"ನಾ ಒಲ್ಲೆ!"

ಗುಮ್ಮಟ ಅದನ್ನು ಮತ್ತೆ ಮತ್ತೆ ಹೇಳಿತು. ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಸಿಬ್ಬಂದಿ ಹೆಂಗಸು ತುಟಿಗೆ ಬೆರಳಿಟ್ಟು ಓಡಿಬಂದಳು. ಅಷ್ಟು ಜನರ ನಡುವೆ ಅಪ್ಪ ಇನ್ನು ಹೇಗೆ ಕೇಳಿಲ್ಲವೆಂದಾನು?

ಆಗ ನನ್ನ ಬೆನ್ನ ಹಿಂದೆ ಕಟ್ಟೆಯಿಂದ ಎದ್ದು ನಿಂತ ಸದ್ದು. ನಡುಗುವ ದನಿಯೊಂದು ಹೇಳಿತು: "ಅಪ್ಪಾ, ನಾನೂ ಒಲ್ಲೆ."