ಬೆರಳಿಗೆ ಸಿಗುವ ಮೂಲೆ

ವಿಶಾಖಪಟ್ಟಣದ ಗಾಜುವಾಕದ ಬಾಡಿಗೆ ಮನೆಯ ಹಿತ್ತಿಲಲ್ಲಿ ಇನ್ನೂ ನಸುಕು. ಇಂದುಧರ ಅಂಗೈಯಗಲದ ತೇಗದ ಪಿರಮಿಡ್ಡಿನ ಅಂಚಿನ ಮೇಲೆ ಹಳೆಯ ನೈಲಾನ್ ಸೀರೆಯ ಸೆರಗನ್ನು ಮೆಲ್ಲಗೆ ಎಳೆಯುತ್ತಾರೆ. ಎಳೆಯೊಂದು ಸಿಕ್ಕಿಕೊಳ್ಳುತ್ತದೆ. ಎಲ್ಲೋ ಸಿಬಿರು ಉಳಿದಿದೆ. ಮತ್ತೆ ಸ್ಯಾಂಡ್‌ಪೇಪರ್ ಕೈಗೆ ಬರುತ್ತದೆ.

“ನನ್ನ ಸೀರಿ ಪೂರ್ತಿ ಹರದ ಮ್ಯಾಲೇ ನಿಮಗ ಸಮಾಧಾನ,” ಹೆಂಡತಿ ಅಕ್ಕಮ್ಮ ಚಹಾ ತಂದಿಡುತ್ತಾರೆ.

“ನನ್ನ ಕೈ ಜಡ್ಡುಗಟ್ಟೇತಿ, ಸಿಬಿರು ತಿಳ್ಯಂಗಿಲ್ಲ. ನಿನ್ನ ಸೀರಿಗೆ ತಿಳೀತೈತಿ.”

ರಾಣೆಬೆನ್ನೂರಿನ ಬಡಗಿ ಮನೆತನದ ಇಂದುಧರ ನೌಕಾಪಡೆಯಲ್ಲಿ ಮರಗೆಲಸ ಮಾಡಿ ನಿವೃತ್ತರಾದವರು. ಈಗ ವಿಶಾಖಪಟ್ಟಣದ ಅಂಧಮಕ್ಕಳ ಶಾಲೆಯೊಂದರ ಗಣಿತ ಪಾಠಕ್ಕೆ ಘನ, ಪಟ್ಟಕ, ಪಿರಮಿಡ್ಡುಗಳನ್ನು ಕೆತ್ತಿಕೊಡುತ್ತಾರೆ. ಮುಖ, ಅಂಚು, ಶೃಂಗವೆಂಬ ಮೂಲೆ ಎಲ್ಲವನ್ನೂ ಆ ಮಕ್ಕಳು ಬೆರಳಿನಿಂದಲೇ ಗುರುತಿಸಬೇಕು.

ಎಡವಟ್ಟಾದದ್ದು ಕಳೆದ ವಾರ. ಮೈಗೆ ತಾಗುವ ಮರದ ಮೂಲೆಯನ್ನೆಲ್ಲ ಗುಂಡಗೆ ಉಜ್ಜುವುದು ಹಡಗಿನ ಬಡಗಿಗೆ ರೂಢಿ. ಹಡಗು ವಾಲಿದಾಗ ಯಾರ ಹಣೆಯೂ ಒಡೆಯಬಾರದು. ಅದೇ ಕೈರೂಢಿ ಪಿರಮಿಡ್ಡಿನ ತುದಿಯನ್ನೂ ಬೋಳಿಸಿಬಿಟ್ಟಿತು. ಪರೀಕ್ಷೆಯಲ್ಲಿ ಪ್ರತ್ಯೂಷಾ ಎಂಬ ಹುಡುಗಿ ಶೃಂಗ ನಾಲ್ಕೇ ಎಂದಳು. ಉತ್ತರ ತಪ್ಪೆಂದಾಯಿತು. “ಮೇಲಿರೋದು ಲಡ್ಡು ಮೇಡಂ, ಮೂಲೆ ಅಲ್ಲ,” ಎಂದು ಅವಳು ತೆಲುಗಿನಲ್ಲಿ ಹಟ ಹಿಡಿದ ಮೇಲೆಯೇ ಶಿಕ್ಷಕಿ ಗಂಗಾಭವಾನಿ ಕಣ್ಣುಮುಚ್ಚಿ ಮುಟ್ಟಿ ನೋಡಿದ್ದು.

ಇಂದು ಹೊಸ ಪಿರಮಿಡ್ಡಿನಲ್ಲಿ ಮರುಪರೀಕ್ಷೆ. ಇಂದುಧರ ಚಹಾ ಬದಿಗಿಟ್ಟು ತುದಿಯ ಮೇಲೆ ಮತ್ತೊಮ್ಮೆ ಸೆರಗು ಎಳೆಯುತ್ತಾರೆ. “ಮೊಂಡ ಮಾಡಿದ್ರ ಲೆಕ್ಕ ತಪ್ಪತೈತಿ. ಚೂಪ್ ಮಾಡಿದ್ರ ಚುಚ್ಚತೈತಿ. ಆ ಕೂಸು ಬ್ರೈಲ್ ಓದೂದು ಅದ ಬೆರಳಿನ್ಯಾಗ. ಅಲ್ಲಿ ಸಿಬಿರು ಹೊಕ್ಕರ, ನಮಗ ಕಣ್ಣಾಗ ಮುಳ್ಳು ಮುರದಂಗ.”

ಶಾಲೆಯಲ್ಲಿ ಪ್ರತ್ಯೂಷಾ ಪಿರಮಿಡ್ಡನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾಳೆ. ಮುಖ ಐದು. ಅಂಚು ಎಂಟು. ತಳದ ನಾಲ್ಕು ಮೂಲೆ ಮುಟ್ಟಿ ಬೆರಳು ತುದಿಗೆ ಏರುತ್ತದೆ, ತಟ್ಟನೆ ನಿಲ್ಲುತ್ತದೆ. ಬಾಗಿಲ ಬಳಿ ನಿಂತ ಇಂದುಧರ ಒಂದು ಹೆಜ್ಜೆ ಮುಂದೆ ಬರುತ್ತಾರೆ.

“ಶೃಂಗ ಐದು!”

ಗಂಗಾಭವಾನಿ ಚಪ್ಪಾಳೆ ತಟ್ಟುತ್ತಾರೆ. ಇಂದುಧರ ಮಾತ್ರ ಹುಡುಗಿಯ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊರಳಿಸಿ ಹೊರಳಿಸಿ ನೋಡುತ್ತಾರೆ. ರಕ್ತವಿಲ್ಲ, ಗೀರಿಲ್ಲ.

“ಏನೂ ಆಗಿಲ್ಲ ತಾತಯ್ಯಾ. ಪರೀಕ್ಷೆ ನನಗೆ, ಭಯ ನಿಮಗಾ?” ಹುಡುಗಿ ನಗುತ್ತಾಳೆ.

ಆಸೆಯೇನಾದರೂ ಉಂಟೇ ಎಂದು ಗಂಗಾಭವಾನಿ ಕೇಳಿದರೆ ಇಂದುಧರ ಪಿರಮಿಡ್ಡಿನ ತುದಿಯನ್ನು ಹೆಬ್ಬೆರಳಿನಿಂದ ಸವರುತ್ತಾರೆ. “ಮುಂದ ಮುಟ್ಟುವಾಗ ಈ ಕೂಸು ಅಂಜಬಾರದ್ರಿ, ಅಷ್ಟ. ಅಂಜೂದು ನಾ ಅಂಜತೀನಿ. ಅದು ನನ್ನ ಕೆಲಸ.”