ಇಲಿವಾರದ ಕಡಬು

…ಅಥವಾ ಅದು ಗಣಪತಿ ಕಳಿಸುವ ದಿನವೇ ಅಲ್ಲವೇನೋ. ಅತ್ತೆಗೆ ವಾಂತಿ ಶುರುವಾದದ್ದು ಐದನೆಯ ದಿನ ಬೆಳಿಗ್ಗೆ ಎಂದು ನಾನು ಇಷ್ಟು ವರ್ಷ ಖಾತ್ರಿಯಿಂದ ಹೇಳುತ್ತ ಬಂದಿದ್ದೇನೆ. ಅವ್ವನ ಪ್ರಕಾರ ಆ ಸಂಜೆ ಗಣಪ್ಪನನ್ನು ಬಾವಡಿಯ ನೀರಿಗೆ ಬಿಡಲು ಹೋದಾಗ ಎಲ್ಲರಿಗಿಂತ ಮುಂದೆ ನಡೆದವಳು ಅತ್ತೆಯೇ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಬೇರೆ ಬೇರೆ ವರ್ಷದ ಎರಡು ಚೌತಿಗಳು ನನ್ನ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿರಬಹುದು. ಅವ್ವ ತನಗೆ ಬೇಡವಾದ ದಿನವನ್ನು ಕಿತ್ತು ಬೇರೆಯದನ್ನು ಹೊಲಿದಿರಲೂಬಹುದು. ಹೋಗಲಿ, ದಿನದ ಬಗ್ಗೆ ನಾನು ಜಗಳವಾಡುವುದಿಲ್ಲ. ಉಳಿದದ್ದರ ಬಗ್ಗೆ ಆಡುತ್ತೇನೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ವಿಜಾಪುರದ ನಮ್ಮ ಮನೆಗೆ ಬಂದು ಉಳಿದಿದ್ದಳು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಒಂದು ಕಾಳುಕಡಿಯ ಅಡತಿ ಅಂಗಡಿಯ ಗೋದಾಮಿಗೆ ಬೆನ್ನು ಹಚ್ಚಿಕೊಂಡ ಬಾಡಿಗೆಯ ಮನೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಗೋದಾಮಿನ ಜೋಳ ಮಾಲಕನದು, ಇಲಿಗಳು ಮಾತ್ರ ನಮ್ಮವು. ಅಲ್ಲಿ ಉಂಡು ಇಲ್ಲಿಗೆ ಮಲಗಲು ಬರುತ್ತಿದ್ದವು, ಇಲ್ಲಿ ಮಲಗುವುದೆಂದರೆ ಅತ್ತೆಯ ಕೌದಿಗಳಲ್ಲಿ.

ಅತ್ತೆ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ಒಳಗೆ ಸುತ್ತುತ್ತ ಬರುವ ಹೊಲಿಗೆ. ಓಣಿಯಲ್ಲಿ ಯಾರ ಮನೆಯ ಬಾಣಂತಿಗೂ ಆಕೆಯ ಕೌದಿಯೇ ಬೇಕು. ಕಣ್ಣು ಮಂಜಾಗಿದ್ದರಿಂದ ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಕೆಲಸ. ನನಗಾಗ ಹದಿನಾಲ್ಕು. ಆ ಸೂಜಿಯಿಂದಾಗಿಯೇ ಅತ್ತೆ ನಮ್ಮ ಮನೆಯಲ್ಲಿ ತಲೆಯೆತ್ತಿ ಊಟಕ್ಕೆ ಕೂಡುತ್ತಿದ್ದಳು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಆಕೆಗೆ ಚೆನ್ನಾಗಿ ತಿಳಿದಿತ್ತು. ಅವ್ವ ಏನಾದರೂ ಎತ್ತಿ ಆಡಿದರೆ, ಅತ್ತೆ ಸೂಜಿ ಕೈಗೆತ್ತಿಕೊಳ್ಳುತ್ತಿದ್ದಳು. ಅವ್ವ ಸುಮ್ಮನಾಗುತ್ತಿದ್ದಳು.

ಅಪ್ಪ ಗ್ರಾಮಸೇವಕ. ಟಿಕೋಟಾ ಮತ್ತು ಬಬಲೇಶ್ವರದ ಕಡೆಯ ಹಳ್ಳಿಗಳು ಅವನ ಪಾಲಿಗೆ ಬಂದಿದ್ದವು. ಹೊಸ ಬೀಜ, ಗೊಬ್ಬರ, ಇಲಿಯ ಔಷಧ, ಇವುಗಳ ಬಗ್ಗೆ ರೈತರಿಗೆ ತಿಳಿಹೇಳುವ ಕೆಲಸ. ಅವನ ಹತ್ತಿರ ಆ ಇಲಿಯ ಔಷಧದ, ಕರಿ ಪುಡಿಯ ಡಬ್ಬಿ ಒಂದಿತ್ತು. ಮುಚ್ಚಳ ತೆಗೆದರೆ ಕೊಳೆತ ಬೆಳ್ಳುಳ್ಳಿಯ ವಾಸನೆ.

ಒಮ್ಮೆ ಸಾಲಿಗೆ ರಜೆ ಇದ್ದಾಗ ಅವನ ಸಂಗಡ ಜೀಪಿನಲ್ಲಿ ಟಿಕೋಟಾಕ್ಕೆ ಹೋಗಿದ್ದೆ. ಚಾವಡಿಯ ಮುಂದೆ ಇಪ್ಪತ್ತು ಮೂವತ್ತು ಜನ. ಅಪ್ಪ ಕಟ್ಟೆಯ ಮೇಲೆ ನಿಂತು ಮಾತಾಡಿದ.

“ಇಲಿ ಭಾಳ ಶಾಣ್ಯಾ ಪ್ರಾಣಿ ಐತ್ರಿ. ಹೊಸಾದು ಕಂಡ್ರ ಒಮ್ಮಿಗೇ ಬಾಯಿ ಹಾಕೂದಿಲ್ಲ. ಅದಕ್ಕ ಮೊದಲ ಎರಡ ದಿನ ಬರೇ ನುಚ್ಚು, ಎಣ್ಣಿ ಕಲಸಿ ಇಡ್ರಿ. ಔಷಧ ಬ್ಯಾಡ. ತಿಂದು ನಂಬಲಿ. ಮೂರನೇ ದಿನ, ಅದೇ ಜಾಗಾದಾಗ, ಔಷಧ.”

ಒಬ್ಬ ಮುದುಕ ಬೀಡಿ ಆರಿಸುತ್ತ ಕೇಳಿದ: “ಅಂದ್ರ ಇದು ಇಲೆಕ್ಷನ್ ಇದ್ದಂಗಾತಲ್ರಿ ಸಾಹೇಬ್ರ?”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆಮೇಲೆ ಬೆರಳೆತ್ತಿ ಎರಡೆರಡು ಸಲ ಹೇಳಿದ: “ಔಷಧ ಇಡೂ ದಿನ ಮನ್ಯಾಗ ಎಲ್ಲಾರ್ಗೂ ಹೇಳ್ರಿ. ಮುದುಕ್ರು, ಮಕ್ಳು, ಒಬ್ರನ್ನೂ ಬಿಡಬ್ಯಾಡ್ರಿ. ಮುಂಜಾನೆದ್ದು ಉಳದಿದ್ದು ನೀವ ಎತ್ತಿ ಹುಗೀರಿ.” ಇನ್ನೊಬ್ಬ, ಇಲಿ ಗಣಪ್ಪನ ವಾಹನ, ಕೊಂದರೆ ಪಾಪ ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ, “ಇಂಥಾ ಮೂಢನಂಬಿಕಿಯಿಂದನಽ ನಮ್ಮ ದೇಶ ಹಿಂದ ಬಿದ್ದೈತಿ” ಎಂದು ಅರ್ಧ ತಾಸು ಭಾಷಣ ಮಾಡಿದ. ಈ ಮಾತುಗಳು ನನಗೆ ಸರಿಯಾಗಿ ನೆನಪಿವೆ. ಅಂದರೆ, ಇವೇ ಶಬ್ದಗಳು ಎಂದು ಆಣೆ ಮಾಡಲಾರೆ, ಎತ್ತಿದ ಬೆರಳಿನ ಬಗ್ಗೆ ಮಾಡುತ್ತೇನೆ.

ಇಂಥವನ ಮನೆಯಲ್ಲಿ ಇಲಿ. ಒಂದು ಸಲ ಅವನ ಮೇಲಿನ ಅಧಿಕಾರಿ ಚಹಾಕ್ಕೆ ಬಂದು ಕೂತಾಗ, ಆ ಅಧಿಕಾರಿಯ ಬೂಟಿನ ಮೇಲೆ ಹಾದು ಒಂದು ಇಲಿ ಓಡಿತು. “ಇವು ನಿಮ್ಮ ಭಾಷಣ ಕೇಳಿಲ್ಲೇನ್ರಿ ಇನ್ನೂ?” ಎಂದ ಆತ. ಅಪ್ಪ ಅದನ್ನು ಮರೆಯಲಿಲ್ಲ.

ಅದೇ ವರ್ಷದ ಚೌತಿ. ನಮ್ಮಲ್ಲಿ ಚೌತಿಯ ಮರುದಿನ ಇಲಿವಾರ. ಆ ದಿನ ಸೂಜಿ, ಕತ್ತರಿ ಮುಟ್ಟಬಾರದು. ನೀನು ನಮ್ಮ ಬಟ್ಟೆ ಮುಟ್ಟಬೇಡ, ನಾವು ಇಂದು ಮುಟ್ಟುವುದಿಲ್ಲ ಎಂಬ ಕರಾರು. ಇಲಿಯನ್ನು ಇಲಿ ಎಂದು ಕರೆಯುವಂತೆಯೂ ಇಲ್ಲ. ಅತ್ತೆ ‘ಅವರು’ ಎನ್ನುತ್ತಿದ್ದಳು. ಅಂದಿನಿಂದ ಗಣಪತಿ ಕಳಿಸುವವರೆಗೆ ದಿನಾ ಸಂಜೆ ಕೌದಿಯ ಗಂಟಿನ ಪಕ್ಕ ಎಲೆಯ ಮೇಲೆ ಒಂದು ಕಡಬು ಇಡುವಳು. ಬೆಳಿಗ್ಗೆ ನೋಡುವಳು. ಕಚ್ಚಿದ ಗುರುತಿದ್ದರೆ, “ಅವರು ಉಂಡಾರ ನೋಡ ಬೇ” ಎಂದು ನನಗೆ ತೋರಿಸಿ, ಉಳಿದದ್ದರಲ್ಲಿ ಒಂದು ಚೂರು ಮುರಿದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವಳು. ಪ್ರಸಾದ. ಅವ್ವನಿಗೆ ಹೇಸಿಕೆ. ನನಗೂ. ಆದರೆ ಆಕೆ ಹಾಗೆ ಮಾಡುತ್ತಾಳೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಎಂದರೆ ಅಪ್ಪನಿಗೂ.

ಆ ವರ್ಷ ಅತ್ತೆ ಒಂದು ತಪ್ಪು ಮಾಡಿದಳು. ಓಣಿಯ ಕೊನೆಯ ಮುಸ್ಲಿಂ ಮನೆಯ ಅಜ್ಜಿ, ಹೆರಿಗೆಗೆ ಬಂದ ಮಗಳಿಗೆಂದು ಒಂದು ಕೌದಿ ಹಾಕಲು ಕೊಟ್ಟಿದ್ದಳು. ಮಗಳಿಗೆ ದಿನ ತುಂಬಿದ್ದವು. ಇಲಿವಾರದ ಮಧ್ಯಾಹ್ನವೇ ಅಜ್ಜಿ ಬಾಗಿಲಿಗೆ ಬಂದು, “ಅಕ್ಕಾ, ಇವತ್ತೋ ನಾಳಿನೋ ಅನ್ನಾಕತ್ತಾರ. ಒಂದ್ ನಾಕ್ ಹೊಲಿಗಿ ಹಾಕಿಬಿಡ್ರಲ್ಲ” ಎಂದಳು. ಅತ್ತೆ ಕೌದಿಯ ಗಂಟು ಬಿಚ್ಚಿದಳು. ಆಮೇಲೆ ನನ್ನನ್ನು ಕರೆದು, “ದಾರ ಪೋಣ್ಸು ಬೇ. ಕೂಸಿಗಂತ ಅಂದ್ರ ಅವರೂ ತಿಳಕೋತಾರ” ಎಂದಳು. ಪೋಣಿಸಿದೆ. ಅಂಗಳದ ಕಡೆ ಬೆನ್ನು ಮಾಡಿ ಒಂದು ತಾಸು ಹೊಲಿದಳು. ಸಂಜೆ ಎರಡು ಕಡಬು ಇಟ್ಟಳು.

ಮರುದಿನವೂ ಇಟ್ಟಳು. ಎರಡೂ ದಿನ ಅವರು ಉಂಡರು.

ಮೂರನೆಯ ದಿನ ಅಪ್ಪ ಅಡಿಗೆಮನೆಯಲ್ಲಿ ಅವ್ವನಿಗೆ, ಎಳ್ಳು ಹಾಕಿದ ಕಡಬು ಮಾಡು ಎಂದ. ಕರಿ ಎಳ್ಳು, ಅದರಲ್ಲಿ ಕರಿ ಪುಡಿ ಕಾಣುವುದಿಲ್ಲ. ನಮ್ಮಲ್ಲಿ ಚೌತಿಗೆ ಕೊಬ್ಬರಿ ಬೆಲ್ಲದ ಕಡಬೇ ಹೊರತು ಎಳ್ಳಿನದಲ್ಲ.

ಅವ್ವ ಕೇಳಿದಳು: “ನಿಮ್ಮಕ್ಕಗ ಹೇಳೀರೇನು?”

“ಹೇಳಿದ್ರ ಆಕಿ ಇಡೂದಽ ಬಿಡ್ತಾಳ. ಎರಡ ದಿನದಾಗ ನಂಬ್ಯಾವು. ಮತ್ತ ಇಂಥಾ ಚಾನ್ಸ್ ಸಿಗೂದಿಲ್ಲ.”

“ಮುಂಜಾನೆದ್ದು ಆಕಿ ಬಾಯಾಗ ಹಾಕ್ಕೋತಾಳಲ್ರಿ.”

“ನಾ ನಸುಕಿನ್ಯಾಗ ಎದ್ದು ತಗೀತೇನಿ.”

ಇದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದೆನೇ, ಅಥವಾ ಆಮೇಲೆ ಅವ್ವನ ಬಾಯಿಂದ ತುಂಡು ತುಂಡಾಗಿ ಕೇಳಿ ಹೀಗೆ ಜೋಡಿಸಿಕೊಂಡೆನೇ? ಅನೇಕ ಸಲ ಇದನ್ನು ಬರೆದು ಹರಿದಿದ್ದೇನೆ. ಪ್ರತಿ ಸಲವೂ ಸಂಭಾಷಣೆ ಮೊದಲಿಗಿಂತ ಚೊಕ್ಕಟವಾಗುತ್ತದೆ, ಅದಕ್ಕೇ ಅದರ ಮೇಲೆ ನನಗೆ ಭರವಸೆ ಇಲ್ಲ. ಎಳ್ಳು ಕುಟ್ಟಿದವಳು ಮಾತ್ರ ನಾನೇ. ಒರಳಿನಲ್ಲಿ ಅಂಟಿದ ಎಣ್ಣೆಯ ಜಿಡ್ಡು ಕೈಗೆ ಇನ್ನೂ ಗೊತ್ತು. ಯಾಕೆಂದು ನಾನು ಕೇಳಲಿಲ್ಲ.

ಮರುದಿನ ಬಬಲೇಶ್ವರದಲ್ಲಿ ಏನೋ ಸಭೆ. ಅಪ್ಪ ಎದ್ದದ್ದೇ ತಡವಾಗಿ. ಮೊದಲ ಬಸ್ಸು ತಪ್ಪುತ್ತದೆಂದು ಅರ್ಧ ಗಡ್ಡ ಬೋಳಿಸಿಕೊಂಡು ಓಡಿದ. ಊರ ಮಂದಿಗೆ ಬೆರಳೆತ್ತಿ ಹೇಳಿದ್ದನ್ನು ಮನೆಯಲ್ಲಿ ಮರೆತ. ಅವನು ತೆಗೆದೇ ಹೋಗಿರಬೇಕೆಂದುಕೊಂಡೆ ಎನ್ನುತ್ತಾಳೆ ಅವ್ವ.

ಅತ್ತೆ ಎಲೆಯ ಮುಂದೆ ಕೂತಳು. ಅವರು ಉಂಡಿದ್ದರು. ಚೂರು ಮುರಿದಳು.

ಮಧ್ಯಾಹ್ನದ ಹೊತ್ತಿಗೆ ಟಾಂಗಾ ಮಾಡಿಕೊಂಡು ಅವ್ವ ಮತ್ತು ನಾನು ಆಕೆಯನ್ನು ಸರ್ಕಾರಿ ದವಾಖಾನೆಗೆ ಕರೆದೊಯ್ದೆವು. ಆಕೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಕಕ್ಕುತ್ತಲೇ ಇದ್ದಳು. ಡಾಕ್ಟರು ಬಗ್ಗಿ ಆಕೆಯ ಬಾಯಿ ಮೂಸಿ ನೋಡಿದರು.

“ಏನ ತಿಂದಾರಿವ್ರು?”

“ಕಡಬ್ರಿ,” ಎಂದಳು ಅವ್ವ. “ಹಳಸಿದ್ದು.”

“ಬರೇ ಕಡಬು?”

“ಹೂನ್ರಿ.”

ಡಾಕ್ಟರು ಅವ್ವನನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಗೋಡೆ ನೋಡುತ್ತಿದ್ದೆ. ಗಂಡನ ನೌಕರಿ ಹೋಗುತ್ತದೆಂದು ಅವ್ವ ಹೆದರಿದ್ದಳು, ಸರ್ಕಾರದ ಔಷಧ ಮನೆಗೆ ತಂದದ್ದು ಬಯಲಾಗುತ್ತದೆಂದು. ಅಂದರೆ ಹೊಟ್ಟೆಯಲ್ಲಿ ವಿಷವಿದ್ದ ಹೆಂಗಸಿನ ತಲೆದೆಸೆಯಲ್ಲಿ ನಿಂತು ಆಕೆ ನೌಕರಿಯನ್ನು ತೂಗಿ ನೋಡಿದಳು. ನಾನು ಏನನ್ನೂ ತೂಗಲಿಲ್ಲ, ಸುಮ್ಮನೆ ನಿಂತಿದ್ದೆ. ಅವ್ವನನ್ನು ಕ್ಷಮಿಸುವುದು ನನಗೆ ಒಮ್ಮೊಮ್ಮೆ ಆಗುತ್ತದೆ.

ಅತ್ತೆ ಬದುಕಿದಳು. ಚೂರು ಸಣ್ಣದಿತ್ತು, ಡಾಕ್ಟರು ಮೂಗಿನಿಂದಲೇ ಏನೋ ತಿಳಿದುಕೊಂಡು ಉಪಚಾರ ಮಾಡಿದರೋ ಏನೋ. ನಾಲ್ಕಾರು ದಿನಕ್ಕೆ ಮನೆಗೆ ಬಂದಳು. ಅಷ್ಟರಲ್ಲಿ ಗೋಡೆಯ ಸಂದಿಯಲ್ಲಿ ಇಲಿಗಳು ಸತ್ತು ನಾರುತ್ತಿದ್ದವು. ಅಪ್ಪ ಊದುಬತ್ತಿ ಹಚ್ಚಿದ.

ಗೋಡೆಗೊರಗಿ ಕೂತು ಅತ್ತೆ ಹೇಳಿದಳು: “ತಪ್ಪು ನಂದಽ ಐತಿ. ಇಲಿವಾರದಾಗ ಸೂಜಿ ಹಿಡದೆ. ಅವರು ಸುಮ್ನ ಬಿಡ್ತಾರೇನು? ಈ ಹುಡುಗಿ ಬರೇ ದಾರ ಪೋಣ್ಸ್ಯಾಳ, ಪಾಪ ನಂದು.”

ಅಪ್ಪ ಎದುರಿಗೇ ಇದ್ದ, ಕೈಯಲ್ಲಿ ಚಹಾದ ಬಸಿ. ಚಾವಡಿಯ ಕಟ್ಟೆಯ ಮೇಲೆ ನಿಂತು ಅರ್ಧ ತಾಸು ಭಾಷಣ ಮಾಡಿದ್ದ ನಾಲಿಗೆ ಅದು. ಅವನು ಏನೂ ಹೇಳದೆ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಅವನು ಹೇಳಿದ: “ಹೋಗ್ಲಿ ಬಿಡ ಯಕ್ಕಾ. ದೇವ್ರ ದೊಡ್ಡಾಂವ, ಇಷ್ಟಕ್ಕ ಬಿಟ್ಟಾನ. ಇನ್ನ ಆ ಸೂಜಿ ಸಾವಾಸ ಸಾಕು ಮಾಡು.”

ಸಾಕು ಮಾಡಿದಳು. ಅರ್ಧ ಹೊಲಿದ ಕೌದಿಯನ್ನು ಮಡಚಿ ಆ ಅಜ್ಜಿಗೆ ವಾಪಸು ಕೊಟ್ಟಳು. ಮೊಮ್ಮಗ ಹುಟ್ಟಿ ಆಗಲೇ ವಾರವಾಗಿತ್ತು. “ಅರ್ಧಕ್ಕ ಬಿಟ್ರ ಯಾರ ಮುಗಸ್ಬೇಕಕ್ಕಾ? ನಿಮ್ಮ ಹೊಲಿಗಿ ಮುಂದ ನಂದ ಇಟ್ರ ಕೂಸೂ ನಗತೈತಿ” ಎಂದಳು ಅಜ್ಜಿ.

ಸೂಜಿ ಹೋದ ಮೇಲೆ ಅವ್ವನ ಮಾತಿಗೆ ಅಡ್ಡ ಬರುವುದು ಏನೂ ಉಳಿಯಲಿಲ್ಲ. ಕೆಟ್ಟ ಮಾತೇನೂ ಅಲ್ಲ, ಊಟಕ್ಕೆ ಕರೆಯುವ ದನಿ ಬದಲಾಯಿತು, ಅಷ್ಟೇ. ಅತ್ತೆ ಎಲ್ಲರದೂ ಆದ ಮೇಲೆ ಉಣ್ಣತೊಡಗಿದಳು. ಮುಂದಿನ ಚೌತಿಗೆ ಮೊದಲೇ ಬಬಲೇಶ್ವರಕ್ಕೆ, ಮೈದುನನ ಮನೆಗೆ, ಹೊರಟುಹೋದಳು. ಇಲಿಗಳು ಅದಕ್ಕೂ ಮೊದಲೇ ಗೋದಾಮಿನಿಂದ ವಾಪಸು ಬಂದಿದ್ದವು.

ಏಳೆಂಟು ವರ್ಷದ ಮೇಲೆ, ನಾನು ಸಾಲಿಯ ಮಾಸ್ತರಿಣಿಯಾದ ಮೇಲೆ, ಒಂದು ಸಂತೆಯ ದಿನ ಬಬಲೇಶ್ವರಕ್ಕೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಬಸ್ಸಿನಲ್ಲಿ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅತ್ತೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆಕೆಯ ಹೆಗಲ ಮೇಲಿನ ಸೆರಗು ಹರಿದಿತ್ತು, ಹೊಲಿದಿರಲಿಲ್ಲ. ಒಂದು ಕಾಲಕ್ಕೆ ಓಣಿಯ ಹರಕನ್ನೆಲ್ಲ ಒಂದು ಮಾಡಿದವಳು.

“ಅತ್ತಿ,” ಎಂದೆ, “ಆ ವರ್ಷ ಎಳ್ಳಿನ ಕಡಬು ಮಾಡಿದ್ರಲ್ಲ…”

ಆಕೆ ಮೊರ ಕೇರುವುದನ್ನು ನಿಲ್ಲಿಸಲಿಲ್ಲ. “ಚಹಾ ಕುಡೀತಿಯೇನ ಬೇ?”

“ಆಮ್ಯಾಲೆ ಕುಡೀತೇನಿ. ಅದ…”

“ನಿಮ್ಮಪ್ಪ ಆರಾಮದಾನಿಲ್ಲೋ?”

“ಅದಾನ.”

“ಇನ್ನೂ ಇಲಿ ಔಷಧ ಹಂಚತಾನೇನು?”

“ಹಂಚತಾನ.”

ಆಕೆ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು. “ಹಂಚಲಿ ಬಿಡು, ಅವನ ಹೊಟ್ಟಿಪಾಡು,” ಎಂದು ಚಹಾಕ್ಕೆ ನೀರಿಡಲು ಎದ್ದಳು.

ಬಾಯಿಪಾಠ ಮಾಡಿದ್ದೆಲ್ಲ ಬಾಯಲ್ಲೇ ಉಳಿಯಿತು. ಚಹಾ ಕುಡಿದೆ, ಸಂತೆಯಿಂದ ತಂದ ಬಾಳೆಹಣ್ಣು ಕೊಟ್ಟೆ, ಕೊನೆಯ ಬಸ್ಸಿಗೆ ಬಂದೆ. ಆಕೆ ಮುಂದೆ ಬಹಳ ವರ್ಷ ಇದ್ದಳು. ನಾನೂ ಆಗಾಗ ಹೋಗುತ್ತಿದ್ದೆ. ಮತ್ತೆ ಆ ಮಾತು ಎತ್ತಲಿಲ್ಲ. ಅಪ್ಪನ ಮೇಲೆ ಇರುವಷ್ಟೇ ಸಿಟ್ಟು ಇಲ್ಲಿ ನನ್ನ ಮೇಲೂ ಇದೆ, ಅದನ್ನು ಹಂಚಿ ಕಡಿಮೆ ಮಾಡುವ ಉಪಾಯ ನನಗೆ ತಿಳಿದಿಲ್ಲ.

ಇಲಿ ಔಷಧದ ಆ ಪ್ರಶ್ನೆಯನ್ನು ಅತ್ತೆ ಸುಮ್ಮನೆ, ತಮ್ಮನ ಕ್ಷೇಮಸಮಾಚಾರವೆಂದು ಕೇಳಿದಳೋ, ಅಥವಾ ಎಲ್ಲ ತಿಳಿದು ನನ್ನ ಬಾಯಿ ಮುಚ್ಚಿಸಲು ಕೇಳಿದಳೋ? ತಿಳಿದಿದ್ದರೆ ಯಾವಾಗಿನಿಂದ ತಿಳಿದಿತ್ತು? ಚಹಾದ ಬಸಿ ಹಿಡಿದ ತಮ್ಮನ ಮುಂದೆ ತಪ್ಪು ನನ್ನದೇ ಎಂದಾಗಲೂ ತಿಳಿದಿತ್ತೇ? ತಿಳಿದೂ ಸೂಜಿ ಬಿಟ್ಟಳೇ? ನನಗೆ ಗೊತ್ತಿಲ್ಲ. ಕೇಳಬಹುದಾದ ಕಾಲದಲ್ಲಿ ನಾನು ಕೇಳಲಿಲ್ಲ.